ಬೂಕರ್ ಬಂತು, ಪುಸ್ತಕ ಲಿಂಗಸುಗೂರಿಗೆ ಯಾಕೆ ಬರಲಿಲ್ಲ?

ರಾಯಚೂರು ಜಿಲ್ಲೆಯ ಲಿಂಗಸುಗೂರಿನ ಮೇಷ್ಟ್ರೊಬ್ಬರು ಬರೆದಿದ್ದಾರೆ: "ಬೂಕರ್ ಬಂದ ಮೇಲೆ ಕನ್ನಡ ಪುಸ್ತಕಕ್ಕೆ ಸುಗ್ಗಿ ಅಂತೀರಿ. ನಮ್ಮೂರಿನ ಅಂಗಡಿಗಳಲ್ಲಿ ಗೈಡು, ನೋಟ್‌ಬುಕ್ಕು ಬಿಟ್ಟರೆ ಏನೂ ಸಿಗಲ್ಲ. ತರಿಸೋಣ ಅಂದರೆ ಬೆಲೆ ಜಾಸ್ತಿ, ಮೇಲೆ ಅಂಚೆ ಖರ್ಚು. ಈ ಸುಗ್ಗಿ ಯಾರ ಹೊಲದ್ದು?"

ನಮಸ್ಕಾರ ಸರ್,

ಬೂಕರ್ ವಿಷಯ ಮೊದಲು ಮುಗಿಸುತ್ತೇನೆ. 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದದ್ದು ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ. 50,000 ಪೌಂಡಿನ ಬಹುಮಾನದಲ್ಲಿ ಅನುವಾದಕಿ ದೀಪಾ ಭಾಸ್ತಿ ಅವರಿಗೂ ಸಮಪಾಲು. ಹೆಮ್ಮೆಯ ವಿಷಯವೇ. ಆದರೆ ನಿಮ್ಮೂರಿನ ಅಂಗಡಿಗೆ ಪುಸ್ತಕದ ಕಟ್ಟು ಇಳಿಸುವುದು ಆ ಬಹುಮಾನದ ಕೈಲಿಲ್ಲ.

ಈ ಕಡೆ ಓದುವವರಿಲ್ಲ ಎನ್ನುವ ಮಾತನ್ನು ನಾನಂತೂ ಒಪ್ಪಲ್ಲ. 2011ರಲ್ಲಿ ಗಂಗಾವತಿಯಲ್ಲಿ, 2016ರಲ್ಲಿ ರಾಯಚೂರಿನಲ್ಲಿ ಸಾಹಿತ್ಯ ಸಮ್ಮೇಳನ ನಡೆದಾಗ ಪುಸ್ತಕ ಮಳಿಗೆಗಳಿಗೆ ಜನ ಬಂದಿದ್ದರು. ಮೂರು ದಿನ ಆಯಿತು, ಮಳಿಗೆ ಎದ್ದವು. ಆಮೇಲೆ ಆ ಜನ ಎಲ್ಲಿ ಕೊಳ್ಳಬೇಕು?

ಮೊದಲೆಲ್ಲ ಒಂದು ಮುದ್ರಣ ಅಂದರೆ 1000 ಪ್ರತಿ. ಈಗ ಡಿಜಿಟಲ್ ಮುದ್ರಣ ಇರುವುದರಿಂದ 300, 500 ಹಾಕಿ ನೋಡುತ್ತಾರೆ, ಬೇಕಾದರೆ ಮತ್ತೆ ಹಾಕುತ್ತಾರೆ. ಗೋದಾಮಿನ ಚಿಂತೆ ಇಲ್ಲ, ಸರಿ. ಆದರೆ ಇಷ್ಟು ಕಡಿಮೆ ಪ್ರತಿ ಇದ್ದಾಗ ಅಂಗಡಿಗೆ 30–40 ಪರ್ಸೆಂಟ್ ಕಮಿಷನ್ ಬಿಟ್ಟು ಊರೂರಿಗೆ ಕಳಿಸುವುದು ಪ್ರಕಾಶಕರಿಗೆ ಗಿಟ್ಟಲ್ಲ. ಅರ್ಧದಷ್ಟು ಪ್ರತಿ ವಾಟ್ಸಾಪ್, ಫೇಸ್‌ಬುಕ್‌ನ ಮುಂಗಡ ಬುಕಿಂಗ್‌ನಲ್ಲೇ ಹೋಗಲಿ ಅಂತ ನೋಡುತ್ತಾರೆ. ಆ ಗುಂಪಿನಲ್ಲಿ ಇಲ್ಲದವರಿಗೆ ಪುಸ್ತಕ ಬಂದದ್ದೇ ಗೊತ್ತಾಗಲ್ಲ.

ಬೆಲೆಗೆ ಇನ್ನೊಂದು ಕಾರಣವೂ ಇದೆ. 2025ರ ಸೆಪ್ಟೆಂಬರ್ 22ರಿಂದ ಪುಸ್ತಕ ಅಚ್ಚು ಹಾಕುವ ಕಾಗದದ ಜಿಎಸ್‌ಟಿ 12ರಿಂದ 18 ಪರ್ಸೆಂಟ್‌ಗೆ ಏರಿತು. ಪುಸ್ತಕ ಮಾರುವಾಗ ತೆರಿಗೆ ಇಲ್ಲ, ಹಾಗಾಗಿ ಕಾಗದಕ್ಕೆ ಕಟ್ಟಿದ್ದನ್ನು ಅದರಲ್ಲಿ ಕಳೆದುಕೊಳ್ಳಲು ಪ್ರಕಾಶಕರಿಗೆ ಆಗಲ್ಲ. ಅದು ಬೆಲೆಯಲ್ಲೇ ಸೇರುತ್ತದೆ. ನೋಟ್‌ಬುಕ್ಕಿನ ಕಾಗದಕ್ಕೆ ಮಾತ್ರ ತೆರಿಗೆ ಪೂರ್ತಿ ಮಾಫಿ! ಖಾಲಿ ಹಾಳೆಗೆ ಇರುವ ರಿಯಾಯಿತಿ ಅಚ್ಚಾದ ಹಾಳೆಗೆ ಇಲ್ಲ.

ಅಂಚೆ ಖರ್ಚಿಗೆ ಒಂದು ದಾರಿ ಇದೆ. 2025ರ ಮೇ 1ರಿಂದ ಅಂಚೆ ಇಲಾಖೆ ಪುಸ್ತಕ ಕಳಿಸಲೆಂದೇ ಕಡಿಮೆ ದರದ 'ಜ್ಞಾನ ಪೋಸ್ಟ್' ಶುರು ಮಾಡಿದೆ. 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋಗೆ 100, ತೆರಿಗೆ ಬೇರೆ. ಒಂದೇ ಪುಸ್ತಕಕ್ಕೆ ಇದೂ ಭಾರವೇ. ಆದರೆ ಕಾಲು ಕಿಲೋದ ಪುಸ್ತಕ 18 ಒಟ್ಟಿಗೆ ತರಿಸಿದರೆ ಒಂದಕ್ಕೆ ಬೀಳುವುದು ತೆರಿಗೆ ಸೇರಿ 6 ರೂಪಾಯಿ ಚಿಲ್ಲರೆ. ನಿಮ್ಮ ಶಾಲೆಯ ನಾಲ್ಕೈದು ಮೇಷ್ಟ್ರುಗಳು ಸೇರಿದರೆ ಆಯಿತು. ಆರ್ಡರ್ ಕೊಡುವಾಗ ಜ್ಞಾನ ಪೋಸ್ಟ್‌ನಲ್ಲೇ ಕಳಿಸಿ ಅಂತ ನೀವೇ ಹೇಳಬೇಕು. ಇಲ್ಲದಿದ್ದರೆ ಸುಮ್ನೆ ಕೊರಿಯರ್‌ಗೆ ಹಾಕಿಬಿಡುತ್ತಾರೆ.

ಮುಂದಿನ ಸಂಚಿಕೆಯಿಂದ ನಮ್ಮ ಹೊಸ ಪುಸ್ತಕದ ಅಂಕಣದಲ್ಲಿ ಪುಟ, ಬೆಲೆಯ ಜೊತೆ ಪುಸ್ತಕದ ತೂಕವನ್ನೂ, ತರಿಸಿಕೊಳ್ಳುವ ವಿಳಾಸವನ್ನೂ ಹಾಕುತ್ತೇವೆ.

– ಸಂ.