ಇಂಗ್ಲೆಂಡಿನ ಬೇಟೆನಾಯಿಗಳ ಕೆಲಸಕ್ಕೆ ಹೋಗಬಹುದಾ?

ಪ್ರಶ್ನೆ: ಸರ್, ನಾನು ಹೊಸನಗರ ತಾಲೂಕಿನವನು. ವಯಸ್ಸು 24. ಬಿ.ಎಸ್ಸಿ. ಮುಗಿಸಿ ಶಿವಮೊಗ್ಗದಲ್ಲಿ ನಾಯಿ ಸಾಕುವವರ ಹತ್ತಿರ ಕೆಲಸಕ್ಕಿದ್ದೇನೆ. ನಾಯಿ ಅಂದರೆ ನನಗೆ ಪ್ರಾಣ. ಇಂಗ್ಲೆಂಡಿನಲ್ಲಿ ನರಿ ಬೇಟೆಯ ನಾಯಿಗಳ ಹಿಂಡು ನೋಡಿಕೊಳ್ಳುವ ಕೆಲಸ ಕೊಡಿಸುತ್ತೇನೆ ಅಂತ ಒಬ್ಬ ಏಜೆಂಟ್ 5 ಲಕ್ಷ ಕೇಳುತ್ತಿದ್ದಾನೆ. ಅಪ್ಪ ಅಡಿಕೆ ತೋಟದ ಮೇಲೆ ಸಾಲ ತೆಗೆಯಲು ಹೊರಟಿದ್ದಾರೆ. ಹೋಗಬಹುದಾ?

ಉತ್ತರ: ಸಾಲ ಬೇಡ. ಇವತ್ತೇ ಅಪ್ಪನಿಗೆ ಹೇಳಿಬಿಡಿ. ವಿದೇಶದ ಕೆಲಸಕ್ಕೆ ಜನರನ್ನು ಕಳಿಸುವ ಏಜೆಂಟ್ ಕೇಂದ್ರ ಸರ್ಕಾರದಲ್ಲಿ ನೋಂದಣಿ ಮಾಡಿಸಿರಬೇಕು, ಅವನು ನಿಮ್ಮಿಂದ ತೆಗೆದುಕೊಳ್ಳಬಹುದಾದ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ನೋಂದಾಯಿತ ಏಜೆಂಟರ ಪಟ್ಟಿ ಇದೆ, ಅವನ ಹೆಸರು ಇದೆಯಾ ನೋಡಿ. ಇನ್ನೊಂದು ವಿಷಯ. 2025ರ ಜುಲೈನಿಂದ ಬ್ರಿಟನ್ನಿನ ಸ್ಕಿಲ್ಡ್ ವರ್ಕರ್ ವೀಸಾ, ಅಂದರೆ ನುರಿತ ಕೆಲಸಗಾರರ ವೀಸಾ, ಹೊಸದಾಗಿ ಹೋಗುವವರಿಗೆ ಹೆಚ್ಚುಕಡಿಮೆ ಪದವಿ ಮಟ್ಟದ ಕೆಲಸಗಳಿಗಷ್ಟೇ ಸಿಗುತ್ತದೆ. ನಾಯಿ ನೋಡಿಕೊಳ್ಳುವ ಕೆಲಸ ಅದರಲ್ಲಿ ಬರುವುದಿಲ್ಲ. ಅವನು ಏನು ಕೊಡಿಸುತ್ತಾನೆ ಹೇಳಿ?

ನಿಮ್ಮ ಡಿಗ್ರಿ ಮಾತ್ರ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಇಂಡಿಯಾ ಯಂಗ್ ಪ್ರೊಫೆಷನಲ್ಸ್ ಸ್ಕೀಮ್ ಅಂತ ಒಂದು ವೀಸಾ ಇದೆ. 18ರಿಂದ 30 ವರ್ಷದೊಳಗಿನ ಪದವೀಧರರಿಗೆ, ಲಾಟರಿ ಎತ್ತಿ ಕೊಡುತ್ತಾರೆ. ಹೆಸರು ಹಾಕಲು ದುಡ್ಡಿಲ್ಲ. ಬಂದರೆ ಎರಡು ವರ್ಷ ಅಲ್ಲಿದ್ದು ಕೆಲಸ ಮಾಡಬಹುದು, ಕೆಲಸ ಕೊಡುವವರ ಸ್ಪಾನ್ಸರ್ ಬೇಕಾಗಿಲ್ಲ. ಖಾತೆಯಲ್ಲಿ 2,530 ಪೌಂಡ್ ತೋರಿಸಬೇಕು, ವೀಸಾ ಶುಲ್ಕ, ಆರೋಗ್ಯ ಶುಲ್ಕ ಬೇರೆ. ಇದಕ್ಕೆ ಏಜೆಂಟ್ ಯಾಕೆ?

ಈಗ ಕೆಲಸದ ಬಗ್ಗೆ. ಕೆಂಪು ಕೋಟು, ಕಹಳೆ, ಬೇಲಿ ಹಾರುವ ಕುದುರೆ, ಇದನ್ನೆಲ್ಲ ವಿಡಿಯೋದಲ್ಲಿ ನೋಡಿರುತ್ತೀರಿ. ಹೊಸಬರ ಪಾಲಿಗೆ ಬರುವುದು ಪೊರಕೆ ಮತ್ತು ನೀರಿನ ಪೈಪು. ಬೆಳಿಗ್ಗೆ ಬೇಗ ಎದ್ದು ನಾಯಿಗಳ ಅಂಗಳ ತೊಳೆಯಬೇಕು, ಹಾಸು ಬದಲಿಸಬೇಕು, ಹಿಂಡನ್ನು ರಸ್ತೆಯಲ್ಲಿ ನಡೆಸಿಕೊಂಡು ಹೋಗಿ ಬರಬೇಕು. ಫಾಕ್ಸ್‌ಹೌಂಡ್‌ಗಳನ್ನು, ಅಂದರೆ ಈ ನರಿ ಬೇಟೆಯ ನಾಯಿಗಳನ್ನು, ಅವರು ಜೋಡಿ ಲೆಕ್ಕದಲ್ಲಿ ಎಣಿಸುತ್ತಾರೆ, 20 ಜೋಡಿ ಅಂದರೆ 40 ನಾಯಿ. ಒಂದೊಂದಕ್ಕೂ ಹೆಸರಿದೆ. ಒಂದೇ ಸೂಲಿನ ಮರಿಗಳ ಹೆಸರು ಸಾಮಾನ್ಯವಾಗಿ ಒಂದೇ ಅಕ್ಷರದಿಂದ ಶುರುವಾಗುತ್ತದೆ, ಅಷ್ಟನ್ನೂ ಮುಖ ನೋಡಿ ಗುರುತಿಸಬೇಕು. ನಾಯಿ ಹುಚ್ಚಿರುವ ನಿಮಗೆ ಇದು ಖುಷಿ ಕೊಡಬಹುದು.

ಆದರೆ ಊಟ ಹಾಕುವ ಕೆಲಸ ಹಾಗಲ್ಲ. ಅನೇಕ ಕಡೆ ಸುತ್ತಲಿನ ರೈತರ ಸತ್ತ ದನ, ಕುರಿ ತಂದು, ಚರ್ಮ ಸುಲಿದು, ಮಾಂಸ ಬಿಡಿಸಿ ಹಸಿಯಾಗಿಯೇ ನಾಯಿಗಳಿಗೆ ಹಾಕುತ್ತಾರೆ. ಚಾಕು ಹಿಡಿಯುವುದು ಅಲ್ಲಿನ ಕೆಲಸದವರೇ. ಕೊಟ್ಟಿಗೆಯ ದನಕ್ಕೆ ಹೆಸರಿಟ್ಟು ಕರೆಯುವ ಮನೆಯಲ್ಲಿ ಬೆಳೆದವರಿಗೆ ಇದು ಆಗುತ್ತದಾ? ಓಡಲಾಗದ ವಯಸ್ಸಿಗೆ ಬಂದ ನಾಯಿಯನ್ನು ಗುಂಡು ಹಾಕಿ ಕೊಲ್ಲುವ ರೂಢಿಯೂ ಇದೆ. ಇವೆರಡನ್ನು ಯಾವ ಏಜೆಂಟೂ ಹೇಳುವುದಿಲ್ಲ, ಹಾಗಾಗಿ ನಾನೇ ಹೇಳುತ್ತಿದ್ದೇನೆ.

ಇನ್ನು ಕಾನೂನು. ನಾಯಿ ಬಿಟ್ಟು ನರಿ ಬೇಟೆಯಾಡುವುದನ್ನು ಇಂಗ್ಲೆಂಡ್, ವೇಲ್ಸ್‌ನಲ್ಲಿ 2005ರ ಫೆಬ್ರವರಿ 18ರಿಂದ ನಿಷೇಧಿಸಿದ್ದಾರೆ. ಈಗ ಮೊದಲೇ ಎಳೆದಿಟ್ಟ ವಾಸನೆಯ ಜಾಡಿನ ಮೇಲೆ ಹಿಂಡು ಓಡಿಸುತ್ತಾರೆ, ಅದಕ್ಕೆ ಟ್ರೇಲ್ ಹಂಟಿಂಗ್ ಅನ್ನುತ್ತಾರೆ. ಅದನ್ನೂ ನಿಲ್ಲಿಸುತ್ತೇವೆ ಅಂತ ಲೇಬರ್ ಪಕ್ಷ 2024ರ ಚುನಾವಣೆಯಲ್ಲಿ ಮಾತು ಕೊಟ್ಟು ಗೆದ್ದಿದೆ. ಐರ್ಲೆಂಡಿನಲ್ಲಿ ನರಿ ಬೇಟೆಗೆ ನಿಷೇಧ ಇಲ್ಲ, ಆದರೆ ಅಲ್ಲಿ ಕೆಲಸ ಮಾಡುವ ಪರ್ಮಿಟ್ಟೇ ಬೇರೆ. ನನ್ನ ಮನಸ್ಸಿನ ಮಾತು ಕೇಳಿದರೆ, ಮೋಜಿಗಾಗಿ ಒಂದು ಪ್ರಾಣಿಯನ್ನು ನಾಯಿಗಳಿಂದ ಹರಿದು ಹಾಕಿಸುವುದು ನಿಂತದ್ದು ಒಳ್ಳೆಯದೇ ಆಯಿತು. ನಮ್ಮ ಮಲೆನಾಡಿನಲ್ಲೂ ಕದ್ದುಮುಚ್ಚಿ ಹಂದಿ ಶಿಕಾರಿಗೆ ನಾಯಿ ಬಿಡುವವರಿದ್ದಾರೆ. ಅದೂ ತಪ್ಪೇ.

ಇಷ್ಟೆಲ್ಲ ಕೇಳಿಯೂ ಆಸೆ ಉಳಿದಿದ್ದರೆ, ಹಿಂಡಿನ ಜೊತೆ ಕುದುರೆಯೂ ಇರುವ ಕೆಲಸ ಇದು, ಹಾಗಾಗಿ ಕುದುರೆ ಕಲಿಯಿರಿ. ಬೆಂಗಳೂರಿನ ಸವಾರಿ ಶಾಲೆಯಲ್ಲಿ ಲಾಯದ ಕೆಲಸಕ್ಕೆ ಸೇರಿ, ಸವಾರಿಯೂ ಬರುತ್ತದೆ, ಗೊರಸು ನೋಡುವುದೂ ಬರುತ್ತದೆ. ಕುದುರೆ ಗೊತ್ತಿರುವವನಿಗೆ ಬೇಟೆ ಹಿಂಡು ಮುಚ್ಚಿದರೂ ಬೇರೆ ಲಾಯ ಸಿಗುತ್ತದೆ. ಈ ಹಂಟ್‌ಗಳಲ್ಲಿ, ಅಂದರೆ ಹಿಂಡು ಸಾಕುವ ಬೇಟೆ ಸಂಘಗಳಲ್ಲಿ, ಕೆಲಸದವರು ಬದಲಾಗುವುದು ರೂಢಿಯಂತೆ ಮೇ 1ಕ್ಕೆ, ಅದಕ್ಕೆ ಕೆಲವು ತಿಂಗಳ ಮುಂಚೆಯೇ ನೀವೇ ನೇರವಾಗಿ ಪತ್ರ ಬರೆದು ವಿಚಾರಿಸಿ.