ಮಾಸ್ಟರ್ ಸಿಲಿಂಡರ್ ಮುಟ್ಟಬೇಡಿ, ಮೊದಲು ನಿಪ್ಪಲ್ ಎಲ್ಲಿದೆ ನೋಡಿ

ನೀವು ಇಲ್ಲಿ ಹಾಕಿದ ಬ್ರೇಕ್ ಫೋಟೋಗಳನ್ನು ದೊಡ್ಡದು ಮಾಡಿ ಮಾಡಿ ನೋಡಿದೆ. ಸ್ವಿಫ್ಟ್‌ನ ಮುಂದಿನ ಎರಡೂ ಕ್ಯಾಲಿಪರ್ (ಪ್ಯಾಡ್‌ಗಳನ್ನು ಡಿಸ್ಕ್‌ಗೆ ಒತ್ತುವ ಭಾಗ) ಹೊಸದು ಹಾಕಿದ್ದೀರಿ. ಬ್ಲೀಡ್ ಮಾಡಿ ಮಾಡಿ, ಅಂದರೆ ಲೈನಿನ ಗಾಳಿ ಹೊರಗೆ ಬಿಡಿಸಲು ಹೋಗಿ, ಒಂದು ಲೀಟರ್ ಬ್ರೇಕ್ ಆಯಿಲ್ ಖಾಲಿಯಾಗಿದೆ. ಗುಳ್ಳೆ ಒಂದೂ ಬರುತ್ತಿಲ್ಲ, ಆದರೂ ಪೆಡಲ್ ಮೆತ್ತಗೆ ಒಳಗೆ ಹೋಗುತ್ತದೆ. ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಬದಲಾಯಿಸಲಾ ಅಂತ ಕೇಳಿದ್ದೀರಿ, ಕೆಳಗೆ ನಾಲ್ಕು ಜನ ಹೂಂ ಬದಲಾಯಿಸಿ ಅಂದೂ ಬಿಟ್ಟಿದ್ದಾರೆ. ಬೇಡ ಮಾರಾಯ್ರೇ. ಎಡ ಚಕ್ರದ ಫೋಟೋ ಇನ್ನೊಮ್ಮೆ ನೋಡಿ. ಗಾಳಿ ಬಿಡಿಸುವ ಬ್ಲೀಡ್ ನಿಪ್ಪಲ್ ಕೆಳಗಿದೆ, ಆಯಿಲ್ ಬರುವ ಹೋಸ್ ಮೇಲಿದೆ. ಬಲದ ಕ್ಯಾಲಿಪರ್ ಎಡಕ್ಕೆ, ಎಡದ್ದು ಬಲಕ್ಕೆ ಕೂತಿದೆ. ಅಷ್ಟೇ ಕಥೆ.

ನಿಮ್ಮನ್ನು ನೋಡಿ ನಗುವ ಯೋಗ್ಯತೆ ನನಗಿಲ್ಲ. ಹಳೇ ಝೆನ್ ಇದ್ದಾಗ ನಾನು ಮಾಡಿದ್ದೂ ಇದನ್ನೇ. ಬೋಲ್ಟ್ ಎರಡೂ ಕಡೆ ಸಲೀಸಾಗಿ ಕೂರುತ್ತದೆ, ಪ್ಯಾಡ್ ಕೂರುತ್ತದೆ, ಚಕ್ರ ತಿರುಗುತ್ತದೆ. ತಪ್ಪಾಗಿದೆ ಅಂತ ಹೇಳುವ ಒಂದು ಗುರುತೂ ಇರುವುದಿಲ್ಲ. ಮೂರು ಭಾನುವಾರ ಬ್ಲೀಡ್ ಮಾಡಿದೆ. ಭಾವ ಪೆಡಲ್ ತುಳಿದು ತುಳಿದು ಮೊಣಕಾಲು ನೋವು ಅಂತ ಎರಡನೇ ವಾರದಿಂದ ಫೋನ್ ಎತ್ತುವುದನ್ನೇ ಬಿಟ್ಟರು. ಆಮೇಲೆ ಹೆಂಡತಿ ಕೂತಳು. ಒಂದೂವರೆ ಲೀಟರ್ ಆಯಿಲ್ ಮುಗಿಯಿತು. ನಿಮ್ಮ ಹಾಗೇ ಮಾಸ್ಟರ್ ಸಿಲಿಂಡರ್ ಮೇಲೆ ಅನುಮಾನ ಬಂತು. ಹೊಸದು ತಂದು ಹಾಕಿದೆ. ಪೆಡಲ್ ಇದ್ದ ಹಾಗೇ ಇತ್ತು.

ಕೊನೆಗೆ ಪೇಟೆಯಿಂದ ವಯಸ್ಸಾದ ಮೆಕ್ಯಾನಿಕ್ ಒಬ್ಬರನ್ನು ಬೈಕಿನಲ್ಲಿ ಕೂರಿಸಿಕೊಂಡು ಬಂದೆ. ಅವರು ಸ್ಪ್ಯಾನರ್ ಕೈಗೆ ತೆಗೆದುಕೊಳ್ಳಲೇ ಇಲ್ಲ. ಬಗ್ಗಿ ನೋಡಿದರು, ಎದ್ದು ನಿಂತು ಕೇಳಿದರು: "ನಿಮ್ಮ ತೋಟದ ಅಬ್ಬಿ ನೀರಿನ ಪೈಪಿಗೆ ಗಾಳಿ ಕಟ್ಟಿದರೆ ಎಲ್ಲಿ ಬಿಡಿಸ್ತೀರಿ, ಹೊಂಡದಲ್ಲೋ ದಿಬ್ಬದಲ್ಲೋ?"

ಅಬ್ಬಿ ನೀರು ಅಂದರೆ ಗುಡ್ಡದ ಝರಿಯಿಂದ ಪೈಪಿನಲ್ಲಿ ತಾನಾಗಿ ಇಳಿದು ಬರುವ ನೀರು, ಮಲೆನಾಡಿನವರಿಗೆ ಇದಕ್ಕಿಂತ ಬಿಡಿಸಿ ಹೇಳುವುದು ಬೇಕಾಗಿಲ್ಲ. ಗಾಳಿ ದಿಬ್ಬದಲ್ಲೇ ಕೂರುತ್ತದೆ. ಕ್ಯಾಲಿಪರ್ ಒಳಗೂ ಹಾಗೆಯೇ, ಪಿಸ್ಟನ್ ಹಿಂದಿನ ಜಾಗದ ಮೇಲ್ತುದಿಯಲ್ಲಿ ಗಾಳಿ ನಿಲ್ಲುತ್ತದೆ. ನಿಪ್ಪಲ್ ಅಲ್ಲಿದ್ದರೆ ಹೊರಗೆ ಬರುತ್ತದೆ. ಕೆಳಗಿದ್ದರೆ ನೀವು ಹತ್ತು ಲೀಟರ್ ಸುರಿದರೂ ಕೆಳಗಿನಿಂದ ಶುದ್ಧ ಆಯಿಲ್ ಮಾತ್ರ ಬರುತ್ತದೆ. ಗುಳ್ಳೆ ಬರುತ್ತಿಲ್ಲ, ಹಾಗಾದರೆ ಬ್ಲೀಡ್ ಆಯಿತು ಅಂತ ನಾವು ಅಂದುಕೊಳ್ಳುತ್ತೇವೆ. ಮೋಸ ಹೋಗುವುದೇ ಅಲ್ಲಿ.

ಈಗ ಅದಲು ಬದಲು ಮಾಡಿ. ಕ್ಯಾಲಿಪರ್ ಬಿಚ್ಚಿ ನಿಪ್ಪಲ್ ಮೇಲಾಗಿ ಹಿಡಿದು, ಪ್ಯಾಡ್‌ಗಳ ನಡುವೆ ಡಿಸ್ಕ್‌ನಷ್ಟೇ ದಪ್ಪದ ಮರದ ತುಂಡು ಕೊಟ್ಟು ಹಾಗೆಯೇ ಬ್ಲೀಡ್ ಮಾಡಬಹುದು ಅಂತ ಯಾರಾದರೂ ಹೇಳುತ್ತಾರೆ. ಗಾಳಿ ಹೋಗುತ್ತದೆ, ನಿಜ. ಆದರೆ ಮುಂದಿನ ಸಲ ಆಯಿಲ್ ಬದಲಾಯಿಸುವವನು ಮತ್ತೆ ಇದೇ ಗುಂಡಿಗೆ ಬೀಳುತ್ತಾನೆ. ಹೋಸ್ ಕೂಡ ತಿರುಚಿಕೊಂಡು ಕೂತಿರುತ್ತದೆ, ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಟೈರಿಗೆ ಉಜ್ಜಬಹುದು. ಸೋಮಾರಿತನ ಮಾಡದೆ ಸರಿಯಾದ ಕಡೆಗೇ ಹಾಕಿ.

ಹೋಸ್ ಬಿಚ್ಚುವ ಮೊದಲು ಒಂದು ಕೆಲಸ. ಬ್ರೇಕ್ ಪೆಡಲನ್ನು ಒಂದೆರಡು ಇಂಚು ಒತ್ತಿ, ಒಂದು ಕೋಲು ಕೊಟ್ಟು ಸೀಟಿಗೆ ಆನಿಸಿ. ಮಾಸ್ಟರ್ ಸಿಲಿಂಡರ್‌ನಲ್ಲಿ ಆಯಿಲ್ ಇಳಿಯುವ ತೂತು ಮುಚ್ಚಿಕೊಳ್ಳುತ್ತದೆ, ಅದರ ಮೇಲಿನ ಆಯಿಲ್ ಡಬ್ಬಿ ಖಾಲಿಯಾಗುವುದಿಲ್ಲ. ಬ್ರೇಕ್ ಲೈಟ್ ಉರಿಯುತ್ತಲೇ ಇರುತ್ತದೆ, ಬ್ಯಾಟರಿ ಟರ್ಮಿನಲ್ ಒಂದು ಬಿಚ್ಚಿಡಿ. ನಾನು ಮರೆತು ಸಂಜೆಗೆ ಬ್ಯಾಟರಿ ಮಲಗಿಸಿದ್ದೂ ಉಂಟು. ವೈಸ್ ಗ್ರಿಪ್ ಇಕ್ಕಳ ಹಾಕಿ ಹೋಸ್ ಹಿಚುಕುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಹೊರಗೆ ಏನೂ ಕಾಣುವುದಿಲ್ಲ, ಒಳಗಿನ ರಬ್ಬರ್ ಬಿಟ್ಟುಕೊಂಡಿರುತ್ತದೆ. ಕ್ಯಾಲಿಪರನ್ನು ಹೋಸ್ ಮೇಲೆ ನೇತುಹಾಕುವುದೂ ಅಷ್ಟೇ ಕೆಟ್ಟದ್ದು. ಸೈಕಲ್ ಟ್ಯೂಬ್ ತುಂಡಿನಲ್ಲಿ ಸ್ಪ್ರಿಂಗ್‌ಗೆ ಕಟ್ಟಿ.

ಹೋಸನ್ನು ಕ್ಯಾಲಿಪರ್‌ಗೆ ಕೂರಿಸುವ ಬ್ಯಾಂಜೋ ಬೋಲ್ಟ್‌ನ ತಾಮ್ರದ ವಾಷರ್ ಎರಡು, ಎರಡೂ ಹೊಸದು. ಮೊನ್ನೆ ಹಾಕಿದ್ದಲ್ವಾ, ಇನ್ನೂ ಹೊಸದೇ ಅಲ್ವಾ ಅನ್ನಬೇಡಿ. ಒಮ್ಮೆ ಬಿಗಿಯಾದರೆ ಅದು ಒತ್ತಿಕೊಂಡು ಆಕಾರ ಪಡೆದಿರುತ್ತದೆ. ಹತ್ತಿಪ್ಪತ್ತು ರೂಪಾಯಿಯ ಸಾಮಾನಿಗೆ ಕಂಜೂಸುತನ ಬೇಡ. ಎಲ್ಲ ಮುಗಿದ ಮೇಲೆ ಒಬ್ಬರು ಪೆಡಲ್ ಜೋರಾಗಿ ಒಂದು ನಿಮಿಷ ಒತ್ತಿ ಹಿಡಿಯಲಿ, ನೀವು ವಾಷರ್ ಸುತ್ತ ಒಣ ಬಟ್ಟೆ ಒತ್ತಿ ನೋಡಿ.

ಬ್ಲೀಡ್ ಮಾಡುವುದರಲ್ಲಿ ಎಲ್ಲರದೂ ಒಂದೊಂದು ವಿಧಾನ. ನನ್ನದು ಮೆಡಿಕಲ್ ಶಾಪಿನ ಡ್ರಿಪ್ ಪೈಪು. ಕಡಿಮೆ ದುಡ್ಡು, ಪಾರದರ್ಶಕ, ಸಣ್ಣ ಗುಳ್ಳೆಯೂ ಕಾಣುತ್ತದೆ. ಮೊದಲು ಮೇಲಿನ ಡಬ್ಬಿ ತುಂಬಿಸಿ, ನಿಪ್ಪಲ್ ಸಡಿಲಿಸಿ, ಪೈಪಿನ ಇನ್ನೊಂದು ತುದಿ ಸ್ವಲ್ಪ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸಿ, ಸುಮ್ನೆ ಬಿಟ್ಟುಬಿಡಿ. ಯಾರೂ ಪೆಡಲ್ ಮುಟ್ಟಬಾರದು. ಕಾಫಿ ಕುಡಿದು ಬನ್ನಿ, ಆದರೆ ಐದೈದು ನಿಮಿಷಕ್ಕೆ ಡಬ್ಬಿ ನೋಡುತ್ತಿರಿ. ಮುಕ್ಕಾಲು ಪಾಲು ಗಾಳಿ ತನ್ನಷ್ಟಕ್ಕೆ ಹೊರಗೆ ಬರುತ್ತದೆ. ಉಳಿದದ್ದಕ್ಕೆ ಮಾತ್ರ ಪೆಡಲ್. ಒತ್ತು, ಹಿಡಿ, ನಾನು ನಿಪ್ಪಲ್ ಮುಚ್ಚುತ್ತೇನೆ, ಈಗ ಬಿಡು. ತುಳಿಯುವವರು ಪ್ರತಿ ಸಲ ಬಾಯಿ ಬಿಟ್ಟು "ಹಿಡಿದಿದ್ದೇನೆ", "ಬಿಟ್ಟೆ" ಅನ್ನಲೇಬೇಕು. ನಮ್ಮ ಭಾವ ಕ್ರಿಕೆಟ್ ಕಾಮೆಂಟರಿ ಕೇಳುತ್ತಾ ನಾನು ನಿಪ್ಪಲ್ ಮುಚ್ಚುವ ಮೊದಲೇ ಕಾಲು ತೆಗೆದರು, ಬಂದ ಗಾಳಿ ಪುನಃ ಒಳಗೆ ಹೋಯಿತು.

ಹಳೇ ಗಾಡಿಯಲ್ಲಿ ಪೆಡಲನ್ನು ನೆಲಕ್ಕೆ ಮುಟ್ಟಿಸಬಾರದು. ಮಾಸ್ಟರ್ ಸಿಲಿಂಡರ್‌ನ ಸೀಲು ದಿನಾ ಓಡಾಡುವುದು ಮೊದಲರ್ಧದಲ್ಲಿ. ಆಚೆ ಕಸ, ತುಕ್ಕು ಇರುತ್ತದೆ, ಅಲ್ಲಿಗೆ ತಳ್ಳಿದರೆ ಸೀಲಿನ ಅಂಚು ಹರಿಯುತ್ತದೆ. ಪೆಡಲ್ ಕೆಳಗೆ ಒಂದು ರೀಪರ್ ತುಂಡು ಇಟ್ಟರೆ ಸಾಕು. ನನ್ನ ಹಳೇ ಮಾಸ್ಟರ್ ಸಿಲಿಂಡರ್ ಹೀಗೆ ಹಾಳಾಗಿರಲಿಲ್ಲ, ಸುಮ್ನೆ ಬಿಸಾಡಿದೆ ಅನ್ನುವುದು ಬೇರೆ ಮಾತು.

ಕ್ರಮ ಕೇಳಿದ್ದೀರಿ. ನೀವು ಮುಂದಿನ ಎರಡು ಲೈನ್ ಮಾತ್ರ ಬಿಚ್ಚಿದ್ದರೆ ಅವೆರಡೇ ಸಾಕು. ಪೂರ್ತಿ ಆಯಿಲ್ ಬದಲಾಯಿಸುವುದಾದರೆ ಮಾಸ್ಟರ್ ಸಿಲಿಂಡರ್‌ನಿಂದ ದೂರದ್ದು ಮೊದಲು. ನಮ್ಮ ಬಲಗಡೆ ಸ್ಟೀರಿಂಗ್ ಗಾಡಿಗಳಲ್ಲಿ ಸಾಮಾನ್ಯವಾಗಿ ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ಕೆಲವು ಗಾಡಿಗೆ ಬೇರೆ ಕ್ರಮ ಇದೆ, ಮ್ಯಾನ್ಯುಯಲ್ ಹೇಳಿದ್ದೇ ಕೊನೆ. ನಿಮ್ಮದರಲ್ಲಿ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇಲ್ಲ ಅಂದಿದ್ದೀರಿ, ಬದುಕಿದಿರಿ. ಎಬಿಎಸ್ ಇರುವವರು ಇದನ್ನು ಓದುತ್ತಿದ್ದರೆ, ಡಬ್ಬಿ ಖಾಲಿಯಾಗಲು ಬಿಡಲೇಬೇಡಿ. ಗಾಳಿ ಎಬಿಎಸ್ ಮಾಡ್ಯೂಲ್ ಒಳಗೆ ಹೋದರೆ ಸ್ಕ್ಯಾನರ್ ಹಾಕಿ ಪಂಪ್ ಓಡಿಸಬೇಕಾಗಬಹುದು, ಮನೆ ಅಂಗಳದ ಕೆಲಸ ಅಲ್ಲ ಅದು.

ಆಯಿಲ್ ವಿಷಯ. ಅರ್ಧ ಬಾಟಲಿ ಹೋದ ವರ್ಷದ್ದು ಇತ್ತು, ಅದನ್ನೇ ಹಾಕಿದೆ ಅಂತ ಬರೆದಿದ್ದೀರಿ. ಬೈಯದೆ ಇರಲಾರೆ. ಡಾಟ್ 3, ಡಾಟ್ 4 ದರ್ಜೆಯ ಬ್ರೇಕ್ ಆಯಿಲ್‌ಗಳು ಗಾಳಿಯಲ್ಲಿನ ನೀರಿನಂಶ ಹೀರುತ್ತವೆ. ತೀರ್ಥಹಳ್ಳಿ ಕಡೆಯ ಮಳೆಗಾಲದಲ್ಲಿ ಉಪ್ಪೇ ನೀರಾಗುತ್ತದೆ, ಇನ್ನು ಮುಚ್ಚಳ ತೆಗೆದ ಬಾಟಲಿ ಬಿಡುತ್ತದಾ? ಡಾಟ್ 4 ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು. ನೀರು ಹೀರಿದ ಮೇಲಿನ ಕನಿಷ್ಠ ಮಿತಿ 155. ಡಾಟ್ 3 ಆದರೆ 205, ಆಮೇಲೆ 140. ಆಗುಂಬೆ ಘಾಟಿಯ 14 ತಿರುವು ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದು ನೋಡಿ, ಆ ವ್ಯತ್ಯಾಸ ಗೊತ್ತಾಗುತ್ತದೆ. ಆಯಿಲ್ ಕುದ್ದರೆ ಲೈನಿನಲ್ಲಿ ಆವಿ, ಆವಿ ಅಂದರೆ ಮತ್ತೆ ಗಾಳಿಯೇ. ಸೆಕೆಂಡ್ ಗೇರ್‌ನಲ್ಲಿ ಇಳಿಯಿರಿ, ಅದು ಬೇರೆ.

ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಾಯಿಸಿ. ಜೇನಿನ ಬಣ್ಣ ಇರಬೇಕು, ಕಾಫಿ ಡಿಕಾಕ್ಷನ್ ಆಗಿದ್ದರೆ ಹೊತ್ತು ಮೀರಿದೆ. ಸಣ್ಣ ಬಾಟಲಿಯನ್ನೇ ತನ್ನಿ, ತಯಾರಿಯ ದಿನಾಂಕ ನೋಡಿ, ಸೀಲ್ ನೋಡಿ. ನಾನು ಟಿವಿಎಸ್ ಗರ್ಲಿಂಗ್ ಅಥವಾ ಬಾಷ್ ಡಾಟ್ 4 ಬಿಟ್ಟು ಬೇರೆ ಹಾಕುವುದಿಲ್ಲ. ರೇಸಿಂಗ್ ಅಂತ ಬರೆದ ದುಬಾರಿ ಬಾಟಲಿ ನಮ್ಮ ಓಡಾಟಕ್ಕೆ ದಂಡ, ಇದು ನನ್ನ ಅಭಿಪ್ರಾಯ, ಜಗಳಕ್ಕೆ ಬರಬೇಡಿ. ಡಾಟ್ 5.1 ಬೇರೆ, ಡಾಟ್ 5 ಬೇರೆ. ಡಾಟ್ 5 ಸಿಲಿಕೋನ್, ನಮ್ಮದಕ್ಕೆ ಬೆರೆಸಲೇಬಾರದು. ಪೇಂಟ್ ಮೇಲೆ ಬಿದ್ದರೆ ಒರೆಸುತ್ತಾ ಕೂರಬೇಡಿ, ತಕ್ಷಣ ನೀರು ಹಾಕಿ. ನನ್ನ ಝೆನ್‌ನ ಬಾನೆಟ್ ಅಂಚಿನಲ್ಲಿ ಅಂಗೈ ಅಗಲ ಪೇಂಟ್ ಎದ್ದು ಬಂದಿತ್ತು.

ಕ್ಯಾಲಿಪರ್ ಜಾರುವ ಸ್ಲೈಡ್ ಪಿನ್‌ಗೆ ಚಕ್ರದ ಬೇರಿಂಗ್ ಗ್ರೀಸ್ ಮೆತ್ತಿದ್ದು ಫೋಟೋದಲ್ಲಿ ಕಾಣುತ್ತಿದೆ. ಒರೆಸಿ ತೆಗೆಯಿರಿ. ಅದಕ್ಕೆ ರಬ್ಬರ್ ಊದಿಕೊಳ್ಳುತ್ತದೆ, ಪಿನ್ ಹಿಡಿದುಕೊಳ್ಳುತ್ತದೆ, ಒಂದೇ ಕಡೆಯ ಪ್ಯಾಡ್ ಸವೆಯುತ್ತದೆ. ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್ ಹಾಕಿ, ತೆಳ್ಳಗೆ. ಸೀಲುಗಳನ್ನು ಪೆಟ್ರೋಲ್, ಸೀಮೆಎಣ್ಣೆಯಲ್ಲಿ ತೊಳೆಯುವ ಅಭ್ಯಾಸ ಇದ್ದವರು ಇವತ್ತೇ ಬಿಡಿ. ಡಿಸ್ಕ್ ಒರೆಸಲು ಬ್ರೇಕ್ ಕ್ಲೀನರ್, ಡಬ್ಲ್ಯುಡಿ-40 ಅಲ್ಲ. ಅದು ನಿಪ್ಪಲ್ ತುಕ್ಕು ಹಿಡಿದಿದ್ದರೆ ಹಿಂದಿನ ರಾತ್ರಿ ಹೊಡೆದಿಡಲು ಸರಿ, ಪ್ಯಾಡ್ ಹತ್ತಿರ ಬರಬಾರದು. ನಿಪ್ಪಲ್‌ಗೆ ಆರು ಮೂಲೆಯ ರಿಂಗ್ ಸ್ಪ್ಯಾನರ್, ಓಪನ್ ಸ್ಪ್ಯಾನರ್ ಹಾಕಿದರೆ ಮೂಲೆ ಹೋಗುತ್ತದೆ. ಮುಚ್ಚುವಾಗ ಗಿಡ್ಡ ಸ್ಪ್ಯಾನರ್, ಎರಡು ಬೆರಳಿನ ಬಲ. ಒಳಗೆ ಟೊಳ್ಳು ಇರುವ ಸಾಮಾನು ಅದು, ಕಟ್ ಆದರೆ ಹೊಸ ಕ್ಯಾಲಿಪರ್‌ಗೇ ದುಡ್ಡು ಎಣಿಸಬೇಕು.

ಇನ್ನೊಂದು, ತಡವಾಯಿತು ಆದರೂ ಕೇಳುತ್ತೇನೆ. ಹಳೇ ಕ್ಯಾಲಿಪರ್ ಜಾಮ್ ಆಗಿದೆ ಅಂತ ಹೇಗೆ ತೀರ್ಮಾನ ಮಾಡಿದಿರಿ? ಚಕ್ರ ಹಿಡಿದುಕೊಂಡಿದ್ದಾಗಲೇ ನಿಪ್ಪಲ್ ಸಡಿಲಿಸಬೇಕಿತ್ತು. ಆಯಿಲ್ ಚಿಮ್ಮಿ ಬಂದು ಚಕ್ರ ಬಿಟ್ಟುಕೊಂಡರೆ ಕ್ಯಾಲಿಪರ್ ಸರಿಯಿದೆ, ಒತ್ತಡ ವಾಪಸ್ ಹೋಗುತ್ತಿಲ್ಲ. ಹೋಸ್ ಒಳಗೆ ಊದಿರುತ್ತದೆ, ಇಲ್ಲವೇ ಮೇಲೆ ತೊಂದರೆ. ಬಿಡದಿದ್ದರೆ ಮಾತ್ರ ಪಿಸ್ಟನ್ ಅಥವಾ ಪಿನ್. ಹಳೆಯದನ್ನು ಗುಜರಿಗೆ ಹಾಕಬೇಡಿ. ಪಿಸ್ಟನ್ ಮೇಲೆ ತುಕ್ಕಿನ ಗುಳಿ ಇಲ್ಲದಿದ್ದರೆ ಸೀಲ್ ಕಿಟ್‌ನಲ್ಲೇ ಎದ್ದು ನಿಲ್ಲುತ್ತದೆ.

ಎಲ್ಲ ಸರಿ ಮಾಡಿದ ಮೇಲೂ ಪೆಡಲ್ ಉದ್ದ ಹೋದರೆ ಅದರ ಗುಣ ನೋಡಿ. ಮೆತ್ತಗಿದ್ದರೆ ಗಾಳಿ. ಮೊದಲ ಸಲ ಕೆಳಗೆ, ಎರಡನೇ ಸಲ ಮೇಲೆಯೇ ಗಟ್ಟಿ ಸಿಕ್ಕಿದರೆ ಹಿಂದಿನ ಡ್ರಮ್‌ನ ಶೂ ಅಡ್ಜಸ್ಟ್ ಇಲ್ಲ. ಒತ್ತಿ ಹಿಡಿದಾಗ ನಿಧಾನಕ್ಕೆ ಇಳಿಯುತ್ತಾ ಹೋದರೆ, ಹೊರಗೆಲ್ಲೂ ಲೀಕ್ ಇಲ್ಲದಿದ್ದರೆ, ಆಗ ಮಾಸ್ಟರ್ ಸಿಲಿಂಡರ್ ಮಾತು ಎತ್ತಿ.

ಮತ್ತೆ ಆ ಸಿಮೆಂಟ್ ಬ್ಲಾಕ್! ಕಾರನ್ನು ಟೊಳ್ಳು ಬ್ಲಾಕ್ ಮೇಲೆ ನಿಲ್ಲಿಸಿ ಕೆಳಗೆ ಕೈ ಹಾಕಿದ್ದೀರಿ. ಅದು ಒಡೆಯುವ ಮುಂಚೆ ಹೇಳಿ ಕೇಳಿ ಒಡೆಯುವುದಿಲ್ಲ. ಜ್ಯಾಕ್ ಸ್ಟ್ಯಾಂಡ್ ತನ್ನಿ, ಇಲ್ಲವೇ ಯಾರಿಂದಾದರೂ ಎರಡು ದಿನಕ್ಕೆ ತೆಗೆದುಕೊಳ್ಳಿ.

ಚಕ್ರ ಹಾಕಿ ಕಾರು ಇಳಿಸಿದ ಮೇಲೆ, ಎಂಜಿನ್ ಸ್ಟಾರ್ಟ್ ಮಾಡುವ ಮೊದಲೇ, ಪೆಡಲ್ ಗಟ್ಟಿಯಾಗುವವರೆಗೆ ಪಂಪ್ ಮಾಡಿ. ಪಿಸ್ಟನ್ ಹಿಂದಕ್ಕೆ ಹೋಗಿರುತ್ತದೆ, ಮೊದಲ ಒತ್ತಿಗೆ ಬ್ರೇಕೇ ಇರುವುದಿಲ್ಲ. ನಮ್ಮ ಮನೆ ಗೇಟಿನ ಕೆಳಗಿನ ಪಟ್ಟಿ ಇವತ್ತಿಗೂ ಬಗ್ಗಿದೆ, ಕಾರಣ ಇದೇ. ಮೊದಲ ಸುತ್ತು ಖಾಲಿ ರಸ್ತೆಯಲ್ಲಿ, ನಿಧಾನ. ಪ್ಯಾಡ್ ಹೊಸದಾದರೆ ವೇಗವನ್ನು ಐವತ್ತು ಅರವತ್ತರಿಂದ ಇಪ್ಪತ್ತಕ್ಕೆ ಹತ್ತು ಸಲ ಇಳಿಸಿ, ಪೂರ್ತಿ ನಿಲ್ಲಿಸಬೇಡಿ, ನಡುವೆ ತಣಿಯಲು ಬಿಡಿ. ಹಳೇ ಆಯಿಲ್ ತೋಟಕ್ಕೆ ಚೆಲ್ಲಬೇಡಿ, ನಾಯಿ ನೆಕ್ಕಿದರೆ ವಿಷ.

ನಿಪ್ಪಲ್‌ನ ರಬ್ಬರ್ ಟೋಪಿ ಕಳೆದಿರುವುದೂ ಫೋಟೋದಲ್ಲಿ ಕಂಡಿತು. ಸೈಕಲ್ ವಾಲ್ವ್ ಟ್ಯೂಬ್ ಒಂದಿಂಚು ಕತ್ತರಿಸಿ, ತುದಿ ಮಡಚಿ ಕಟ್ಟಿ ಸಿಕ್ಕಿಸಿ. ಬದಲಾಯಿಸಿದ ಮೇಲೆ ಎರಡೂ ಕಡೆಯ ಫೋಟೋ ಇಲ್ಲೇ ಹಾಕಿ, ಅದಕ್ಕಿಂತ ಮೊದಲು ಘಾಟಿ ಇಳಿಯಬೇಡಿ.