ಸ್ಲಾಷರಿನ ಹಿಂದಿನ ಗಾಲಿ ಯಾಕೆ ಹಿಂಗೆ ಕಾಡ್ತದೆ?

ಪ್ರಶ್ನೆ: ಅಂಕೋಲಾ ಕಡೆ ನಮ್ದು ಮಾವು, ಗೇರು ತೋಟ. ಮಳೆ ಮುಗಿಯೋ ಹೊತ್ತಿಗೆ ಹುಲ್ಲು ಸೊಂಟದ ಮಟ್ಟ ಬರ್ತದೆ, ಅದಕ್ಕೇ ಟ್ರ್ಯಾಕ್ಟರ್ ಹಿಂದೆ ಹಾಕೋ ಹುಲ್ಲು ಕತ್ತರಿಸೋ ಯಂತ್ರ, ಸ್ಲಾಷರ್, ಸೆಕೆಂಡ್ ಹ್ಯಾಂಡಲ್ಲಿ ತಗೊಂಡೆ. ಅದರ ಹಿಂದಿನ ಗಾಲಿ ಗಡಗಡ ಅಲ್ಲಾಡ್ತದೆ, ಒಂದೊಂದ್ಸಲ ಅಡ್ಡ ತಿರುಗಿ ಅಲ್ಲೇ ಸಿಕ್ಕಾಕೊಳ್ತದೆ. ಗಾಲಿ ಹಿಡಿದಿಡೋ ಕವಲು, ಅಂದ್ರೆ ಫೋರ್ಕ್, ಎರಡು ಸಲ ವೆಲ್ಡಿಂಗ್ ಮಾಡಿಸ್ದೆ, ಹೊಸ ಗಾಲಿನೂ ಹಾಕಿಸ್ದೆ, ಮತ್ತೆ ಅದೇ ಜಾಗದಲ್ಲಿ ಬಿರುಕು. ಗಾಲಿ ತೆಗೆದೇ ಓಡಿಸಿದ್ರೆ ಆಗ್ತದಾ?

ಉತ್ತರ: ಗಾಲಿ ತೆಗೀಬೇಡಿ ಮಾರಾಯ್ರೇ. ಹಿಂದಿನ ಭಾರ ಹೊರೋದು, ಎಷ್ಟು ಎತ್ತರಕ್ಕೆ ಹುಲ್ಲು ಕತ್ತರಿಸ್ಬೇಕು ಅಂತ ಹಿಡಿದಿಡೋದು ಅದೇ. ಅದಿಲ್ದೇ ಹೋದ್ರೆ ಬ್ಲೇಡ್ ನಿಮ್ಮ ಚಿರೇಕಲ್ಲಿಗೆ ಬಡಿದು ಕಲ್ಲು ಹಾರ್ತದೆ, ಹಿಂದೆ ಮಕ್ಕಳು ನಿಂತಿದ್ರೆ ಕೇಳೋದೇ ಬೇಡ.

ಮೊದಲು ಇಂಜಿನ್ ಬಂದ್ ಮಾಡಿ, ಕೀ ಕಿಸೆಗೆ ಹಾಕ್ಕೊಂಡು, ಬ್ಲೇಡ್ ಪೂರ್ತಿ ನಿಂತ ಮೇಲೆ ಸ್ಲಾಷರ್ ಕೆಳಗೆ ಗಟ್ಟಿ ಮರದ ದಿಮ್ಮಿ ಕೊಡಿ, ಹೈಡ್ರಾಲಿಕ್ ಒಂದನ್ನೇ ನಂಬ್ಕೊಂಡು ಅಡಿಗೆ ಕೈ ಹಾಕ್ಬೇಡಿ. ಆಮೇಲೆ ಗಾಲಿ ಹಿಡಿದು ಅಲ್ಲಾಡಿಸಿ ನೋಡಿ. ಗಾಲಿ ಮಾತ್ರ ಅಲ್ಲಾಡಿದ್ರೆ ಅದರ ಆಕ್ಸಲ್ಲೋ, ಅದರ ಸುತ್ತ ಬಳೆಯಂಗೆ ಕೂರೋ ಬುಶ್ಶೋ ಸವೆದಿದೆ. ಫೋರ್ಕಿನ ನಿಂತ ರಾಡ್ ಮೇಲಿನ ಪೈಪಿನೊಳಗೇ ಲೊಡಲೊಡ ಅಂದ್ರೆ ಅಲ್ಲಿನ ಬುಶ್ ಹೋಗಿದೆ, ಗಡಗಡಕ್ಕೆ ಅದೇ ಕಾರಣ ಇರ್ಬಹುದು, ಗಾಲಿ ಹೊಸದು ಹಾಕಿದ್ರೆ ಏನೂ ಆಗೋದಿಲ್ಲ. ಲೇತಿನವರ ಹತ್ರ ಬುಶ್ ಮಾಡಿಸಿ. ಇನ್ನು ಫೋರ್ಕನ್ನ ಕೈಯಲ್ಲಿ ತಿರುಗಿಸಿದ್ರೆ ಪೂರ್ತಿ ಸುತ್ತು ತಿರುಗ್ದೇ ಗಟ್ಟಿ ಅನ್ನಿಸ್ತದೆ ಅಂದ್ರೆ ನಮ್ಮ ಸಮುದ್ರದ ಗಾಳಿಗೆ ಪೈಪಿನೊಳಗೆ ತುಕ್ಕು ಹಿಡಿದಿರ್ತದೆ, ಬಿಚ್ಚಿ ತಿಕ್ಕಿ ಗ್ರೀಸ್ ತುಂಬೋ ನಿಪ್ಪಲ್ ತೂತು ಬಿಡಿಸಿ, ಹಳೇ ಕರಿ ಗ್ರೀಸ್ ಹೊರಗೆ ಬರೋವರೆಗೆ ಹೊಡೀರಿ. ಓಡಿಸೋ ದಿನವೆಲ್ಲ ಒಂದ್ಸಲ ಗ್ರೀಸ್, ಎರಡು ನಿಮಿಷದ ಕೆಲ್ಸ ಅದು.

ಬಿರುಕು ಮತ್ತೆ ಮತ್ತೆ ಒಂದೇ ಜಾಗದಲ್ಲಿ ಬರ್ತಿದೆ ಅಂದ್ರೆ ನನಗೆ ಅನುಮಾನ ನಿಮ್ಮ ಓಡಿಸೋ ರೀತಿ ಮೇಲೇ, ಬೇಜಾರು ಮಾಡ್ಕೋಬೇಡಿ. ಸ್ಲಾಷರ್ ಇಳಿಸಿಟ್ಟೇ ರಿವರ್ಸ್ ಹೊಡೀತೀರಾ? ಮುಂದೆ ಹೋಗುವಾಗ ಗಾಲಿ ಹಿಂದೆ ಹಿಂದೆ ಬರ್ತದೆ, ರಿವರ್ಸಲ್ಲಿ ಅದು ಪೂರ್ತಿ ಅರ್ಧ ಸುತ್ತು ತಿರುಗ್ಬೇಕು, ತಿರುಗುವಾಗ ಕಲ್ಲಿಗೋ ಬೊಡ್ಡೆಗೋ ಅಡ್ಡ ಸಿಕ್ಕಿತು ಅಂದ್ರೆ ಟ್ರ್ಯಾಕ್ಟರಿನ ಇಡೀ ನೂಕು ಆ ಫೋರ್ಕಿಗೇ. ಮರದ ಸುತ್ತ ಕಟ್ ಹೊಡೆಯುವಾಗಲೂ ಹಂಗೇ. ಮೊದಲು ಎತ್ತಿ, ಆಮೇಲೆ ರಿವರ್ಸ್. ಬಗ್ಗಿದ ಫೋರ್ಕ್ ನೆಟ್ಟಗೆ ಮಾಡ್ದೇ ವೆಲ್ಡ್ ಹೊಡೆಸಿದ್ರೆ ಗಾಲಿ ಓರೆಯಾಗೇ ಓಡ್ತದೆ, ನೆಟ್ಟಗೆ ಮಾಡಿ ಮೂಲೆಗೆ ತ್ರಿಕೋನದ ಪಟ್ಟಿ ಕೊಡಿಸಿ.

ಟಾಪ್ ಲಿಂಕನ್ನೂ ನೋಡಿ, ಟ್ರ್ಯಾಕ್ಟರಿಗೂ ಸ್ಲಾಷರಿಗೂ ನಡುವೆ ಮೇಲ್ಗಡೆ ಇರೋ, ಉದ್ದ ಗಿಡ್ಡ ಮಾಡೋ ರಾಡ್ ಅದು. ಸಮ ನೆಲದಲ್ಲಿ ಸ್ಲಾಷರಿನ ಮುಂದಿನ ಅಂಚು ಹಿಂದಿನದಕ್ಕಿಂತ ಸುಮಾರು 1 ಇಂಚು ಕೆಳಗಿರ್ಲಿ. ಲಿಂಕ್ ತೀರಾ ಗಿಡ್ಡ ಮಾಡಿದ್ರೆ ಹಿಂಬದಿ ಏಳ್ತದೆ, ಗಾಲಿ ನೆಲ ಬಿಡ್ತದೆ, ನಿಂತ ರಾಡೂ ಓರೆ ಆಗ್ತದೆ. ಟಾಪ್ ಲಿಂಕ್ ಸ್ಲಾಷರಿಗೆ ಸೇರೋ ಕಡೆ ಹಿಂದೆ ಮುಂದೆ ಆಡೋ ಇನ್ನೊಂದು ಲಿಂಕ್ ಇದ್ರೆ ಅದು ಸಡಿಲವಾಗಿ ಆಡ್ಬೇಕು, ಉಬ್ಬು ತಗ್ಗಿಗೆ ಸ್ಲಾಷರ್ ತಾನೇ ಏರಿ ಇಳಿಯೋದು ಅದರಿಂದ, ಅದನ್ನ ಬಿಗಿದು ಕಟ್ಟಿದೋರನ್ನೂ ನೋಡಿದ್ದೇನೆ.

ಪ್ರಶ್ನೆ: ಶಿರಸಿ ಕಡೆ ಬ್ಯಾಣದಲ್ಲಿ (ಹುಲ್ಲು ಬೆಳೆಯೋ ಜಾಗ) ಸ್ಲಾಷರಿಂದ ಹುಲ್ಲು ಹೊಡೆಯುವಾಗ ಗಾಳಿ ತುಂಬಿದ ಗಾಲಿ ವಾರಕ್ಕೊಂದ್ಸಲ ಪಂಕ್ಚರ್. ಪರಿಹಾರ?

ಉತ್ತರ: ಕಡಿದ ಗಿಡದ ಬುಡದ ಮೊನೆ ಚುಚ್ಚೋದು. ಗಾಳಿ ಇಲ್ಲದ ಗಟ್ಟಿ ರಬ್ಬರ್ ಗಾಲಿ ಹಾಕ್ಸಿ. ಅಳತೆ ಮಾತ್ರ ಹಳೇದರಷ್ಟೇ ಇರ್ಲಿ, ದೊಡ್ಡದಾದ್ರೆ ಹಿಂಬದಿ ಎದ್ದು ಮೇಲಿನ ಲೆಕ್ಕ ಎಲ್ಲ ತಪ್ತದೆ.